ಗೇಟಿನ ಗುಂಡಿಯಿಂದ ಹಾಸಿಗೆಯ ಪ್ಯಾಡಿನವರೆಗೆ: 433 ಮೆಗಾಹರ್ಟ್ಸ್ ರಿಪೀಟರ್ ಕಟ್ಟಿದ ದಿನಚರಿ

ಮಲೆನಾಡಿನ ಹೆಂಚಿನ ಮನೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಅಂಗಳದ ಮೇಲೆ ಅಡಿಕೆ ಒಣಗಿಸಲು ಹಾಕಿದ ತಗಡಿನ ಶೀಟು. ಜಗಲಿಯಿಂದ ಗೇಟಿಗೆ 85 ಮೀಟರ್, ನಡುವೆ ತೋಟದ ಅಂಚು. ಮನೆಯ ಹಿರಿಯರಿಗೆ ಕಿವಿ ಮಂದ. ಹಾಗಾಗಿ ಗಂಟೆ ಬಾರಿಸುವ ಬೆಲ್ ಇದ್ದೂ ಇಲ್ಲದಂತೆ. ಹಾಕಿರುವುದು ಬೇರೆ ಬಗೆಯ ವ್ಯವಸ್ಥೆ: ಗೇಟಿಗೊಂದು ಗುಂಡಿ, ಜಗಲಿಗೆ ಓಡಾಟ ಗುರುತಿಸುವ ಪಿಐಆರ್ ಸೆನ್ಸರ್, ಹಿತ್ತಿಲ ಬಾಗಿಲಿಗೆ ಆಯಸ್ಕಾಂತದ ಸೆನ್ಸರ್. ಇವನ್ನು ಕೇಳುವ ರಿಸೀವರ್ ಎರಡು. ಪಡಸಾಲೆಯದು ದೀಪ ಮಿನುಗಿಸುತ್ತದೆ, ಮಲಗುವ ಕೋಣೆಯದು ಹಾಸಿಗೆಯಡಿಯ ಪ್ಯಾಡನ್ನು ಕಂಪಿಸುತ್ತದೆ. ಎಲ್ಲವೂ 433.92 ಮೆಗಾಹರ್ಟ್ಸ್, ಒಳಗೆ ಇವಿ1527 ಜಾತಿಯ ಕೋಡ್, ಅಂದರೆ ಪ್ರತಿ ಸಾಧನವೂ ತನ್ನದೇ ಸಂಖ್ಯೆ ಕಳಿಸುತ್ತದೆ.

ತೊಂದರೆ ಒಂದೇ: ಗೇಟಿನ ಗುಂಡಿ ಒತ್ತಿದರೆ ಹಾಸಿಗೆ ಅಲುಗುವುದಿಲ್ಲ. ಡಬ್ಬಿಯ ಮೇಲೆ "100 ಮೀಟರ್" ಎಂದು ಅಚ್ಚಾಗಿದೆ. ಅದು ಬಯಲಿನ ಲೆಕ್ಕ, ಜಂಬಿಟ್ಟಿಗೆ ಗೋಡೆಯದಲ್ಲ. ಹಾಗಾಗಿ ನಡುವೆ ಒಂದು ರಿಪೀಟರ್, ಅಂದರೆ ಕೇಳಿದ ಕೋಡನ್ನು ಮತ್ತೆ ಕೂಗಿ ದಾಟಿಸುವ ಡಬ್ಬಿ.

ಮೇ 11: ಕಟ್ಟುವ ಮೊದಲು ಎಣಿಕೆ

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಗೇಟಿನಲ್ಲಿ ಐದು ಸೆಕೆಂಡಿಗೊಮ್ಮೆ, ಪ್ರತಿ ಸಲ ಅರ್ಧ ಸೆಕೆಂಡ್, ಒಟ್ಟು 20 ಸಲ ಗುಂಡಿ ಒತ್ತಬೇಕು. ಇನ್ನೊಬ್ಬರು ರಿಸೀವರನ್ನು ಒಂದೊಂದು ಜಾಗದಲ್ಲಿಟ್ಟು ಎಷ್ಟು ಸಲ ಸಿಕ್ಕಿತು ಎಂದು ಬರೆದುಕೊಳ್ಳಬೇಕು. "ಒಮ್ಮೊಮ್ಮೆ ಬರುತ್ತೆ" ಎನ್ನುವ ಮಾತಿನಿಂದ ಏನೂ ಸರಿಪಡಿಸಲಾಗದು. 20ಕ್ಕೆ ಎಷ್ಟು ಎಂಬ ಅಂಕಿ ಕೈಯಲ್ಲಿದ್ದರೆ ಪ್ರತಿ ಬದಲಾವಣೆಯೂ ಲೆಕ್ಕಕ್ಕೆ ಸಿಗುತ್ತದೆ.

ಸಿಕ್ಕಿದ್ದು: ಜಗಲಿ 17, ಪಡಸಾಲೆ 8, ಮಲಗುವ ಕೋಣೆ 0.

ಗುಂಡಿ ಬಿಚ್ಚಿ ನೋಡಿದರೆ ಒಳಗೆ 27ಎ ಎಂಬ 12 ವೋಲ್ಟಿನ ಸಣ್ಣ ಬ್ಯಾಟರಿ. ಸುಮ್ಮನೆ ಅಳೆದರೆ 11.4 ತೋರಿಸಿತು, ಗುಂಡಿ ಒತ್ತಿ ಹಿಡಿದು ಅಳೆದರೆ 9.6ಕ್ಕೆ ಕುಸಿಯಿತು. ಈ ಬ್ಯಾಟರಿಯನ್ನು ಒತ್ತಿ ಹಿಡಿದೇ ಅಳೆಯಬೇಕು. ಹೊಸದು ಹಾಕಿದ ಮೇಲೆ ಎಣಿಕೆ 19, 10, 1.

ಇನ್ನೊಂದು ಎಡವಟ್ಟು ಕಣ್ಣೆದುರೇ ಇತ್ತು. ಗುಂಡಿಯನ್ನು ಅಂಟಿಸಿದ್ದು ಕಬ್ಬಿಣದ ಗೇಟಿನ ಚೌಕಟ್ಟಿಗೇ. ಗುಂಡಿಯೊಳಗಿನ ಆಂಟೆನಾ ಬೋರ್ಡಿನ ಮೇಲಿನ ಒಂದು ತಾಮ್ರದ ಗೆರೆಯಷ್ಟೇ, ಅದರ ಬೆನ್ನಿಗೆ ಲೋಹ ತಾಗಿದರೆ ಟ್ಯೂನಿಂಗ್ ಕೆಡುತ್ತದೆ. ಗೇಟಿನಿಂದ 30 ಸೆಂ.ಮೀ. ಆಚೆಗೆ ಮರದ ಗೂಟ ಹುಗಿದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಹಲಗೆ ಹೊಡೆದು ಅದಕ್ಕೆ ಗುಂಡಿ ಹಾಕಲಾಯಿತು. ಎಣಿಕೆ 20, 13, 2.

ರಿಪೀಟರ್ ಕೊಳ್ಳುವ ಮುನ್ನ ಇವೆರಡನ್ನು ಮಾಡಿ ನೋಡಿ. ಸಣ್ಣ ಮನೆಗೆ ಇಷ್ಟೇ ಸಾಕಾಗಬಹುದು. ಇಲ್ಲಿ ಸಾಲಲಿಲ್ಲ.

ಮೇ 13: ಸಾಮಾನು

ಆರ್ಡುಯಿನೊ ನ್ಯಾನೊ ಕ್ಲೋನ್ (ನಾವೇ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್), ಎಫ್‌ಎಸ್1000ಎ ಟ್ರಾನ್ಸ್‌ಮಿಟರ್ (ಹಸಿರು ರಿಸೀವರ್ ಜೊತೆ ಜೋಡಿಯಾಗಿ ಬರುತ್ತದೆ), ಆರ್‌ಎಕ್ಸ್‌ಬಿ6 ರಿಸೀವರ್, 7805 ರೆಗ್ಯುಲೇಟರ್, 470 ಮೈಕ್ರೊಫ್ಯಾರಡ್ ಮತ್ತು 100 ನ್ಯಾನೊಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್ ರೆಸಿಸ್ಟರ್, ಜನರಲ್ ಪರ್ಪಸ್ ಬೋರ್ಡ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲವೂ ಸಿಗುತ್ತವೆ, ಊರಲ್ಲಿರುವವರಿಗೆ ಆನ್‌ಲೈನೇ ಗತಿ.

ಟ್ರಾನ್ಸ್‌ಮಿಟರ್ ಕೈಗೆ ಬಂದೊಡನೆ ಅದರ ಮೇಲಿರುವ ದುಂಡನೆಯ ಲೋಹದ ಮುಚ್ಚಳ ಓದಿ. ಆರ್433 ಎಂದಿರಬೇಕು. ಆರ್315 ಎಂದಿದ್ದರೆ ಅದು 315 ಮೆಗಾಹರ್ಟ್ಸ್‌ನದು. ನೋಡಲು ಎರಡೂ ಒಂದೇ, ಅಂಗಡಿಯಲ್ಲಿ ಬೆರೆತಿರುತ್ತವೆ.

ಮೇ 14: ಮೊದಲು ಕಿವಿ

ರಿಪೀಟರ್ ಎಂದಕೂಡಲೇ ಎಲ್ಲರ ಗಮನ ಹೋಗುವುದು ಎಷ್ಟು ಜೋರಾಗಿ ಕಳಿಸುತ್ತದೆ ಎಂಬುದರ ಕಡೆಗೆ. ಅದು ಕೊನೆಯ ಪ್ರಶ್ನೆ. ತನಗೇ ಕೇಳಿಸದ್ದನ್ನು ಅದು ಯಾರಿಗೂ ದಾಟಿಸಲಾರದು. ಅದಕ್ಕೇ ಈ ದಿನ ಟ್ರಾನ್ಸ್‌ಮಿಟರ್ ಮುಟ್ಟಲಿಲ್ಲ. ನ್ಯಾನೊದ 2ನೇ ಪಿನ್ನಿಗೆ ರಿಸೀವರಿನ ಡೇಟಾ ಕೊಟ್ಟು, ಇಂಥ ಕೋಡ್ ಓದಿ ಕಳಿಸಬಲ್ಲ ಆರ್‌ಸಿ-ಸ್ವಿಚ್ ಲೈಬ್ರರಿ ಹಾಕಿ, ಲ್ಯಾಪ್‌ಟಾಪಿನ ಸೀರಿಯಲ್ ಮಾನಿಟರಿನಲ್ಲಿ ಬರುವ ಕೋಡ್ ನೋಡುವುದಷ್ಟೇ.

ಜೋಡಿಯಲ್ಲಿ ಬಂದ ಹಸಿರು ರಿಸೀವರ್ 12 ಮೀಟರಿಗೇ ಸೋತಿತು. ಅದು ಸೂಪರ್-ರಿಜನರೇಟಿವ್ ಬಗೆಯದು, ಅಕ್ಕಪಕ್ಕದ ತರಂಗಗಳನ್ನೆಲ್ಲ ಬಾಚಿಕೊಳ್ಳುತ್ತದೆ. ಅದನ್ನು ಮೂಲೆಗಿಟ್ಟು, ಬೇಕಾದ ತರಂಗವನ್ನಷ್ಟೇ ಆರಿಸಿ ಕೇಳುವ ಸೂಪರ್‌ಹೆಟ್ ಬಗೆಯ ಆರ್‌ಎಕ್ಸ್‌ಬಿ6 ಹಾಕಲಾಯಿತು. ಆಂಟೆನಾಗೆ 17.3 ಸೆಂ.ಮೀ. ಉದ್ದದ ಗಟ್ಟಿ ಒಂಟಿ ಎಳೆಯ ತಾಮ್ರದ ತಂತಿ. 433.92 ಮೆಗಾಹರ್ಟ್ಸ್‌ಗೆ ತರಂಗದ ಉದ್ದ 69.1 ಸೆಂ.ಮೀ., ಅದರ ಕಾಲು ಭಾಗ ಇದು. ನೆಟ್ಟಗೆ ನಿಲ್ಲಿಸಬೇಕು. ಡಬ್ಬಿಗೆ ಹಿಡಿಸಲೆಂದು ಸುರುಳಿ ಸುತ್ತಿದರೆ ಮಾಡಿದ ಅಳತೆ ನೀರುಪಾಲು. ಜಗಲಿಯಲ್ಲಿ 20ಕ್ಕೆ 20, ಪಡಸಾಲೆಯಲ್ಲಿ 18. ರಿಸೀವರ್ ಬದಲಿಸಿದ್ದರಿಂದಲೇ ಇಷ್ಟು.

ಮಾನಿಟರಿನಲ್ಲಿ ಕಂಡದ್ದು: ಪ್ರೊಟೊಕಾಲ್ 1, 24 ಬಿಟ್, ಪಲ್ಸ್ 312 ಮೈಕ್ರೊಸೆಕೆಂಡ್. 24 ಬಿಟ್‌ಗಳಲ್ಲಿ 20 ಸಾಧನದ ವಿಳಾಸ, ಉಳಿದ 4 ಅದರ ಯಾವ ಗುಂಡಿ ಎಂಬುದು. ಒಂದು ಫ್ರೇಮಿಗೆ, ಅಂದರೆ ಕೋಡನ್ನು ಒಮ್ಮೆ ಪೂರ್ತಿ ಕಳಿಸಲು, 128 ಪಲ್ಸ್ ಅಳತೆಯ ಹೊತ್ತು, ಅಂದರೆ ಸುಮಾರು 40 ಮಿಲಿಸೆಕೆಂಡ್. ಅರ್ಧ ಸೆಕೆಂಡ್ ಒತ್ತಿದರೆ ಒಂದೇ ಫ್ರೇಮ್ 12 ಸಲ ಹೊರಡುತ್ತದೆ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೇ 17: ಟ್ರಾನ್ಸ್‌ಮಿಟರ್, ಮತ್ತು ಇದ್ದದ್ದೂ ಕೆಟ್ಟ ರಾತ್ರಿ

ಎಫ್‌ಎಸ್1000ಎ ಬೋರ್ಡಿನಲ್ಲಿ ಮೂರು ಪಿನ್. ಒಂದರ ಮೇಲೆ "ಎಟಿಎಡಿ" ಎಂದಿದೆ. ಬೇರೇನಲ್ಲ, ಡೇಟಾ ಎಂಬುದರ ಅಕ್ಷರಗಳನ್ನು ಹಿಂದುಮುಂದಾಗಿ ಅಚ್ಚು ಹಾಕಿದ್ದಾರೆ. ಅದರ ಪಕ್ಕದ್ದೇ ವಿದ್ಯುತ್ ಕೊಡುವ ವಿಸಿಸಿ. ಆಂಟೆನಾಗೆ ಬೋರ್ಡಿನ ಮೂಲೆಯಲ್ಲಿ ಒಂದು ತೂತು, ಅಲ್ಲಿಗೆ ಇನ್ನೊಂದು 17.3 ಸೆಂ.ಮೀ. ತಂತಿ ಬೆಸೆಯಬೇಕು.

ಈ ಟ್ರಾನ್ಸ್‌ಮಿಟರಿಗೆ 12 ವೋಲ್ಟ್ ಕೊಟ್ಟರೆ ದೂರ ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ನಿಜ, ಆದರೆ ಕೊಡಬಾರದು. ನಮ್ಮಲ್ಲಿ 433ರ ತರಂಗಪಟ್ಟಿಗೆ ಪರವಾನಗಿ ಬೇಡವೆಂಬ ರಿಯಾಯಿತಿ ಇರುವುದು 10 ಮಿಲಿವ್ಯಾಟ್ ಮೀರದ ಒಳಾಂಗಣ ಬಳಕೆಗೆ. 5 ವೋಲ್ಟ್ ಸಾಕು. ಡಬ್ಬಿಯೂ ಸೂರಿನಡಿಯೇ ಇರಲಿ, ಕಂಬದ ತುದಿಗೆ ಬೇಡ.

ಬೆಸುಗೆ ಮುಗಿಸಿ ಸಂಜೆ ಚಾಲೂ ಮಾಡಿದ್ದೇ ತಡ, ಏನೂ ಕೆಲಸ ಮಾಡಲಿಲ್ಲ. ಗೇಟು ಮಾತ್ರವಲ್ಲ, ಪಡಸಾಲೆಯೊಳಗೇ ನಿಂತು ಒತ್ತಿದರೂ ದೀಪವಿಲ್ಲ. ಹಿತ್ತಿಲ ಬಾಗಿಲಿನ ಸೆನ್ಸರ್ ಕೂಡ ಸತ್ತಂತೆ. ರಿಸೀವರುಗಳ ಬ್ಯಾಟರಿ ಬದಲಿಸಿದ್ದು, ಮತ್ತೆ ಕೋಡ್ ಕಲಿಸಲು ಹೊರಟದ್ದು ಎಲ್ಲ ದಂಡ; ಎರಡು ಗಂಟೆ ಹಾಳು. ರಿಪೀಟರಿನ ವಯರ್ ಕಿತ್ತಕೂಡಲೇ ಮನೆಯೆಲ್ಲ ಮೊದಲಿನಂತಾಯಿತು.

ಕಾರಣ: ಎಟಿಎಡಿ ಮತ್ತು ವಿಸಿಸಿ ನಡುವೆ ಸಾಸಿವೆ ಕಾಳಿನಷ್ಟು ಸೀಸ ಸೇತುವೆ ಕಟ್ಟಿತ್ತು. ಡೇಟಾ ಪಿನ್ ಸದಾ 5 ವೋಲ್ಟಿನಲ್ಲಿದ್ದು, ಟ್ರಾನ್ಸ್‌ಮಿಟರ್ ಬಿಡುವಿಲ್ಲದೆ ಕೂಗುತ್ತಿತ್ತು. ಅದರ ಕೂಗಿನಡಿ ಬೇರೆ ಯಾವುದೂ ಯಾರಿಗೂ ಕೇಳಿಸುವ ಹಾಗಿರಲಿಲ್ಲ. ಈ ಇಡೀ ಕೆಲಸದಲ್ಲಿ ನೆನಪಿಡಬೇಕಾದ ತಪ್ಪು ಇದೇ: ಕೆಟ್ಟ ರಿಪೀಟರ್ ಸುಮ್ಮನೆ ಕೂರುವುದಿಲ್ಲ, ಮೊದಲಿದ್ದ ನೇರ ಸಂಪರ್ಕವನ್ನೂ ಮುಚ್ಚಿಹಾಕಬಲ್ಲದು. ಅಂದಿನಿಂದ ಎರಡು ನಿಯಮ. ವಿದ್ಯುತ್ ಕೊಡುವ ಮೊದಲು ಆ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ, ಅಂದರೆ ತಾಗಿಕೊಂಡಿವೆಯೇ ಎಂದು, ನೋಡುವುದು. ಡೇಟಾ ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕುವುದು. ನ್ಯಾನೊ ಚಾಲೂ ಆಗುವ ಹೊತ್ತಿನಲ್ಲೂ ಪಿನ್ ಕೆಳಗೇ ಉಳಿಯಬೇಕು.

ಮೇ 18: ಕೋಣೆ ಗೆದ್ದಿತು, ಪಡಸಾಲೆ ಸೋತಿತು

ಸೇತುವೆ ಬಿಡಿಸಿ, ರಿಪೀಟರನ್ನು ಜಗಲಿಯ ಕಂಬಕ್ಕೆ ಕಟ್ಟಿ ಎಣಿಸಿದಾಗ ಮಲಗುವ ಕೋಣೆ 2ರಿಂದ 14ಕ್ಕೇರಿತು. ಆದರೆ ಪಡಸಾಲೆ 13ರಿಂದ 6ಕ್ಕೆ ಇಳಿಯಿತು.

ಕೋಡ್ ಸಿಕ್ಕ ಕ್ಷಣವೇ ರಿಪೀಟರ್ ಮರುಪ್ರಸಾರ ಶುರುಮಾಡುತ್ತಿತ್ತು, ಗೇಟಿನಲ್ಲಿದ್ದವರ ಬೆರಳು ಇನ್ನೂ ಗುಂಡಿಯ ಮೇಲೇ ಇರುವಾಗ. ಮಲಗುವ ಕೋಣೆಗೆ ಗುಂಡಿಯ ಸಿಗ್ನಲ್ ತಲುಪುವುದೇ ಅಪರೂಪವಾದ್ದರಿಂದ ಅಲ್ಲಿ ರಿಪೀಟರಿನದೇ ರಾಜ್ಯ. ಪಡಸಾಲೆಯಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮಬಲ. ಒಂದರ ಮೇಲೊಂದು ಬಿದ್ದು ಎರಡೂ ಹಾಳು.

ಸರಿಪಡಿಸಿದ್ದು ಹೀಗೆ: ಕೋಡ್ ಬಂದರೆ ನೆನಪಿಟ್ಟುಕೊಂಡು ಕಾಯುವುದು. ಅದೇ ಕೋಡ್ 250 ಮಿಲಿಸೆಕೆಂಡ್ ಬಾರದಿದ್ದರೆ ಬೆರಳು ಎತ್ತಿದ್ದಾರೆ ಎಂದರ್ಥ, ಆಗ ಕಳಿಸುವುದು. ಮೌನವನ್ನು ರಿಸೀವರಿನ ಡೇಟಾ ಪಿನ್ನಿನಲ್ಲಿ ಹುಡುಕಬೇಡಿ. ಸಿಗ್ನಲ್ ಇಲ್ಲದಾಗ ಅಲ್ಲಿ ಬರೀ ಗದ್ದಲ ಹರಿಯುತ್ತಿರುತ್ತದೆ. ಸರಿಯಾದ ಕೋಡ್ ನಿಂತಿತೇ ಎಂಬುದೊಂದೇ ಲೆಕ್ಕ.

ಯಾರಾದರೂ ಹೊರಬರುವ ತನಕ ಗುಂಡಿ ಬಿಡದವರೂ ಇದ್ದಾರೆ. ಅಂಥವರಿಗಾಗಿ 4 ಸೆಕೆಂಡಿನ ಮಿತಿ: ಅಷ್ಟು ಹೊತ್ತಾದರೂ ಬಿಡದಿದ್ದರೆ ಮೇಲೆ ಬಿದ್ದೇ ಕಳಿಸಿಬಿಡುವುದು, ಕೋಣೆಗಂತೂ ತಲುಪುತ್ತದೆ.

ಕಳಿಸುವಾಗ ಎಂಟು ಸಲ, ಅಂದರೆ 320 ಮಿಲಿಸೆಕೆಂಡ್. ಪಲ್ಸನ್ನು 312ಕ್ಕೆ ಹೊಂದಿಸಲಾಯಿತು. ಆರ್‌ಸಿ-ಸ್ವಿಚ್ ತಾನಾಗಿ 350 ಹಿಡಿಯುತ್ತದೆ, ಅದನ್ನು ಹಾಗೇ ಬಿಟ್ಟಾಗ ಕೋಣೆಯ ರಿಸೀವರ್ ಐದರಲ್ಲಿ ಒಂದನ್ನು ಬಿಟ್ಟುಬಿಡುತ್ತಿತ್ತು. ಒಮ್ಮೆ ಕಳಿಸಿದ ಕೋಡನ್ನು ಮುಂದಿನ 3 ಸೆಕೆಂಡ್ ಮತ್ತೆ ಪರಿಗಣಿಸುವುದಿಲ್ಲ. ಎರಡು ರಿಪೀಟರ್ ಇಡುವವರಿಗೆ ಈ ಮೂರು ಸೆಕೆಂಡ್ ಬಿಡಲಾಗದ್ದು. ಇಲ್ಲದಿದ್ದರೆ ಒಂದು ಕೂಗಿದ್ದನ್ನು ಇನ್ನೊಂದು, ಅದು ಕೂಗಿದ್ದನ್ನು ಇದು, ಬೆಳಗಿನ ತನಕ.

ಕೊನೆಗೆ, ಯಾವ ಕೋಡ್ ದಾಟಿಸಬೇಕು ಎಂಬ ಪಟ್ಟಿ. 24 ಬಿಟ್ ಇರಬೇಕು, ಪ್ರೊಟೊಕಾಲ್ 1 ಇರಬೇಕು, ಬರೆದಿಟ್ಟ ಕೋಡುಗಳಲ್ಲೊಂದಾಗಿರಬೇಕು. ಉಳಿದದ್ದೆಲ್ಲ ತಳ್ಳಿಹಾಕು. ಜಗಲಿಯ ಪಿಐಆರನ್ನು ಬೇಕೆಂದೇ ಪಟ್ಟಿಯಿಂದ ಬಿಡಲಾಯಿತು. ನಾಯಿ ಹಾದರೂ ಹಾಸಿಗೆ ಅಲುಗಿದರೆ ಹಿರಿಯರು ಎರಡೇ ದಿನಕ್ಕೆ ಪ್ಲಗ್ ಕಿತ್ತಿಡುತ್ತಾರೆ. ಪಟ್ಟಿಯಲ್ಲಿರುವುದು ಗೇಟು, ಹಿತ್ತಿಲ ಬಾಗಿಲು ಎರಡೇ.

ಮತ್ತೆ ಎಣಿಕೆ: ಪಡಸಾಲೆ 19, ಕೋಣೆ 15.

ಮೇ 21: ವಿದ್ಯುತ್ತಿನಿಂದ ಬಂದ ಕಿವುಡು

ಮಳೆಗಾಲದಲ್ಲಿ ಕರೆಂಟು ಹೋಗುವುದು ಗಂಟೆಗಳ ಲೆಕ್ಕವಲ್ಲ. ಮೊದಲ ಉಪಾಯ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ 18650 ಸೆಲ್, ಟಿಪಿ4056 ಚಾರ್ಜರ್ ಬೋರ್ಡ್, 5 ವೋಲ್ಟಿಗೆ ಏರಿಸಲು ಎಂಟಿ3608 ಬೂಸ್ಟ್ ಬೋರ್ಡ್. ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಜಗಲಿಯಲ್ಲೇ ಎಣಿಕೆ 20ರಿಂದ 11ಕ್ಕೆ ಬಿತ್ತು. ಬೂಸ್ಟ್ ಬೋರ್ಡಿನ ಸ್ವಿಚಿಂಗ್ ಗದ್ದಲ ನಾಲ್ಕು ಬೆರಳು ದೂರದಲ್ಲಿದ್ದ ರಿಸೀವರಿನ ಕಿವಿ ಮುಚ್ಚಿತ್ತು. ಕಡಿಮೆ ಬೆಲೆಯ ಮೊಬೈಲ್ ಚಾರ್ಜರಿನಲ್ಲೂ ಇದೇ ಕಥೆ, ಎಣಿಕೆ 13.

ಕೊನೆಗೆ ವೈಫೈ ರೌಟರಿಗೆ ಬಳಸುವ 12 ವೋಲ್ಟಿನ ಮಿನಿ ಯುಪಿಎಸ್. ಅದರೊಳಗೂ ಬೂಸ್ಟ್ ಇದೆ, ಆದರೆ ಅದನ್ನು ಒಂದೂವರೆ ಮೀಟರ್ ದೂರ ಇಟ್ಟು, ಡಬ್ಬಿಯೊಳಗೆ 7805ರಿಂದ 5 ವೋಲ್ಟಿಗೆ ಇಳಿಸಲಾಯಿತು. 7805 ಬಿಸಿಯಾಗಿ ವ್ಯರ್ಥಮಾಡುತ್ತದೆ, ಆದರೆ ಸದ್ದಿಲ್ಲದೆ. ಒಟ್ಟು ಬೇಡಿಕೆ 30 ಮಿಲಿಆಂಪ್ ಆಸುಪಾಸು, ಹೀಟ್‌ಸಿಂಕ್ ಬೇಕಾಗಲಿಲ್ಲ. ರಿಸೀವರಿನ ಕಾಲುಗಳಿಗೆ ಅಂಟಿಕೊಂಡಂತೆ 100 ನ್ಯಾನೊಫ್ಯಾರಡ್, 7805ರ ಹೊರಬದಿಗೆ 470 ಮೈಕ್ರೊಫ್ಯಾರಡ್. ಎಣಿಕೆ ಮತ್ತೆ 20. ಯುಪಿಎಸ್‌ನ ಪ್ಲಗ್ ಕಿತ್ತು ಬಿಟ್ಟಾಗ 27 ಗಂಟೆ ನಡೆಯಿತು.

ಪ್ರೋಗ್ರಾಂ ಬದಲಿಸಲು ಯುಎಸ್‌ಬಿ ಹಾಕುವಾಗ 12 ವೋಲ್ಟ್ ಕಳಚಿಟ್ಟುಕೊಳ್ಳಿ.

ಮೇ 24: ಜಾಗ

ಜಗಲಿಯಿಂದ ಕೋಣೆಗೆ ನಡುವೆ ಎರಡು ಜಂಬಿಟ್ಟಿಗೆ ಗೋಡೆ, ಅದಕ್ಕೇ 15ರಲ್ಲಿ ನಿಂತಿದ್ದು. ಪಡಸಾಲೆಯ ನಡುಗಂಬ ದೂರದ ಲೆಕ್ಕದಲ್ಲಿ ಸರಿಯಾದ ನಡುವೆ. ಅಲ್ಲಿ ಗೇಟು ಕೇಳಿಸುವುದೇ 18. ಅಂಗಳದ ಮೂಲೆಯಲ್ಲಂತೂ ತಲೆಯ ಮೇಲೆ ತಗಡು, 12.

ಗೆದ್ದದ್ದು ಅಟ್ಟ. ಗೇಟಿನ ಕಡೆಗೆ ಮರದ ಕಿಂಡಿ ಇದೆ, ಮೇಲೆ ಹೆಂಚು, ಕೆಳಗೆ ಕೋಣೆಯ ಮುಚ್ಚಿಗೆ. ಕಲ್ಲು ತಡೆದಷ್ಟು ಮರ ತಡೆಯುವುದಿಲ್ಲ. ಗೋಡೆ ದಾಟಿ ಅಡ್ಡಲಾಗಿ ಹೋಗುವ ಬದಲು ಸಿಗ್ನಲ್ ಮುಚ್ಚಿಗೆ ದಾಟಿ ನೇರ ಕೆಳಗಿಳಿಯಿತು. ಕಿಂಡಿಯಿಂದ ಒಂದು ಮೀಟರ್ ಒಳಗೆ, ತೊಲೆಗೆ ಡಬ್ಬಿ ಹೊಡೆದು, ಎರಡೂ ಆಂಟೆನಾ ನೆಟ್ಟಗೆ, ನಡುವೆ 15 ಸೆಂ.ಮೀ. ಬಿಟ್ಟು ನಿಲ್ಲಿಸಲಾಯಿತು. ಗೇಟು ಕೇಳಿಸುವುದು 20, ಕೋಣೆಯಲ್ಲಿ ಪ್ಯಾಡ್ ಅಲುಗಿದ್ದು 20, ಪಡಸಾಲೆ 20.

ಅಟ್ಟದ ಕಾಟ ಇಲಿ. ವಯರನ್ನು ಪಿವಿಸಿ ಪೈಪಿನಲ್ಲಿ ಇಳಿಸಬೇಕು. ಡಬ್ಬಿಯ ವಯರ್ ತೂತು ಕೆಳಮುಖವಾಗಿ ಇಟ್ಟು ಎಂಸೀಲ್ ಮೆತ್ತಬೇಕು, ಇಲ್ಲವಾದರೆ ಬೆಚ್ಚಗಿನ ಜಾಗವೆಂದು ಇರುವೆ ಗೂಡು ಕಟ್ಟುತ್ತದೆ.

ಮೇ 30: ವಾಚ್‌ಡಾಗ್ ಕಚ್ಚಿತು

ಅಟ್ಟ ಹತ್ತಿ ರೀಸೆಟ್ ಒತ್ತುವ ಕೆಲಸ ತಪ್ಪಿಸಲು, ಪ್ರೋಗ್ರಾಂ ಸಿಕ್ಕಿಕೊಂಡರೆ 8 ಸೆಕೆಂಡಿನಲ್ಲಿ ತಾನೇ ರೀಸೆಟ್ ಆಗಲೆಂದು ವಾಚ್‌ಡಾಗ್ ಹಾಕಿದ್ದಾಯಿತು. ಪರೀಕ್ಷೆಗೆಂದು ಬೇಕೆಂದೇ ಸಿಕ್ಕಿಸಿದಾಗ ರೀಸೆಟ್ ಆಯಿತು, ಮತ್ತೆ ಏಳಲೇ ಇಲ್ಲ. ಎಲ್‌ಇಡಿ ಪಟಪಟ ಮಿನುಗುತ್ತ ಉಳಿಯಿತು. ಕ್ಲೋನ್ ನ್ಯಾನೊಗಳಲ್ಲಿ ಹಲವು ಸಲ ಹಳೆಯ ಬೂಟ್‌ಲೋಡರ್ (ಚಾಲೂ ಆದೊಡನೆ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಇರುತ್ತದೆ. ವಾಚ್‌ಡಾಗ್ ರೀಸೆಟ್ ಆದಮೇಲೂ ವಾಚ್‌ಡಾಗ್ ಚಾಲೂ ಉಳಿಯುತ್ತದೆ, ಅದೂ ಅತಿ ಕಡಿಮೆ ಅವಧಿಗೆ. ಹಳೆಯ ಬೂಟ್‌ಲೋಡರ್ ಅದನ್ನು ನಿಲ್ಲಿಸುವುದಿಲ್ಲ. ತಾನು ಮುಗಿಸುವ ಮೊದಲೇ ಮತ್ತೆ ರೀಸೆಟ್, ಮತ್ತೆ ರೀಸೆಟ್. ಕರೆಂಟು ಪೂರ್ತಿ ತೆಗೆದು ಹಾಕಿದರಷ್ಟೇ ಏಳುತ್ತದೆ.

ಪರಿಹಾರ ಆಪ್ಟಿಬೂಟ್ ಎಂಬ ಹೊಸ ಬೂಟ್‌ಲೋಡರ್. ಇನ್ನೊಂದು ನ್ಯಾನೊವನ್ನು ಐಎಸ್‌ಪಿ ಪ್ರೋಗ್ರಾಮರ್ ಮಾಡಿ, ಆರು ವಯರ್ ಜೋಡಿಸಿ ಅದನ್ನು ಬರೆದರೆ ಹತ್ತು ನಿಮಿಷದ ಕೆಲಸ. ಆಮೇಲೆ ಅಪ್‌ಲೋಡ್ ಮಾಡುವಾಗ ಮೆನುವಿನಲ್ಲಿ "ಓಲ್ಡ್ ಬೂಟ್‌ಲೋಡರ್" ಆಯ್ಕೆಯನ್ನು ಬಿಡಬೇಕು. ನಿಮ್ಮ ಬೋರ್ಡಿಗೆ ಆ ಆಯ್ಕೆಯಲ್ಲೇ ಪ್ರೋಗ್ರಾಂ ಏರುತ್ತಿದ್ದರೆ, ಬೂಟ್‌ಲೋಡರ್ ಬದಲಿಸದೆ ವಾಚ್‌ಡಾಗ್ ಹಾಕಬೇಡಿ.

ಜೂನ್ 14: ಮಳೆ

ಮಳೆ ಹಿಡಿದ ಮೂರನೇ ದಿನ ಎಣಿಸಿದರೆ ಅಟ್ಟದಲ್ಲಿ ಗೇಟು ಕೇಳಿಸಿದ್ದು 16. ತೋಟದ ಸೋಗೆಯೆಲ್ಲ ನೆನೆದಿದೆ, ಹೆಂಚು ಕೂಡ. ಟ್ರಾನ್ಸ್‌ಮಿಟರಿಗೆ ಇಲ್ಲಿ ಮಾಡುವುದೇನಿಲ್ಲ, ಮತ್ತೆ ಕಿವಿಯ ಪ್ರಶ್ನೆಯೇ. ಗೇಟಿನ ಗುಂಡಿಯನ್ನು ಹಲಗೆಯ ಮೇಲೆ 90 ಡಿಗ್ರಿ ತಿರುಗಿಸಿದಾಗ 18. ರಿಸೀವರಿನ ಆಂಟೆನಾವನ್ನು ತೊಲೆಯಿಂದ ಕಿಂಡಿಯ ಚೌಕಟ್ಟಿನ ಕಡೆಗೆ ಸರಿಸಿ, ಹತ್ತಿರದಲ್ಲಿ ಹಾದಿದ್ದ ಹಳೆಯ ಕರೆಂಟಿನ ವಯರಿಂಗಿನಿಂದ ಅರ್ಧ ಮೀಟರ್ ದೂರಮಾಡಿದಾಗ 20. ಆಮೇಲಿನ ಎರಡು ವಾರದ ಎಡೆಬಿಡದ ಮಳೆಯಲ್ಲೂ 19ಕ್ಕಿಂತ ಕೆಳಗಿಳಿದಿಲ್ಲ.

ಗೇಟು ಇನ್ನೂ ದೂರ, ಅಂದರೆ 200–300 ಮೀಟರ್ ಇದ್ದರೆ ಈ ಸಾಮಾನಿನ ಜೊತೆ ಗುದ್ದಾಡಬೇಡಿ. ಅದಕ್ಕೆ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ಮಾಡ್ಯೂಲ್ (ಕಡಿಮೆ ಶಕ್ತಿಯಲ್ಲೇ ದೂರ ತಲುಪುವ ರೇಡಿಯೊ) ಸರಿ, ಆ ಪಟ್ಟಿಗೂ ನಮ್ಮಲ್ಲಿ ಪರವಾನಗಿ ಬೇಡ.

ಜೂನ್ 28: ಖರ್ಚು, ಬಾಕಿ

ನ್ಯಾನೊ 280 ರೂಪಾಯಿ, ಆರ್‌ಎಕ್ಸ್‌ಬಿ6 160, ಟ್ರಾನ್ಸ್‌ಮಿಟರ್ ಜೋಡಿ 90, 7805 ಮತ್ತು ಬಿಡಿ ಭಾಗ 35, ಬೋರ್ಡ್ 40, ಡಬ್ಬಿ 120, ವಯರ್ ಮತ್ತು ಪೈಪು 60, ಗುಂಡಿಯ ಬ್ಯಾಟರಿ 30, ಮಿನಿ ಯುಪಿಎಸ್ 1,150. ಒಟ್ಟು 1,965. ಮೂಲೆ ಸೇರಿದ ಸೆಲ್, ಚಾರ್ಜರ್, ಬೂಸ್ಟ್ ಬೋರ್ಡ್ 320 ಬೇರೆ. ರೌಟರಿಗೆ ಈಗಾಗಲೇ ಮಿನಿ ಯುಪಿಎಸ್ ಇದ್ದು, ಅದರಲ್ಲಿ ಇನ್ನೊಂದು 12 ವೋಲ್ಟಿನ ತೂತು ಖಾಲಿ ಇದ್ದರೆ ಖರ್ಚು ಅರ್ಧಕ್ಕಿಂತ ಕಡಿಮೆ.

ಅಡುಗೆಮನೆಯ ಗ್ಯಾಸ್ ಸೆನ್ಸರನ್ನು ರಿಪೀಟರಿನ ಪಟ್ಟಿಗೆ ಸೇರಿಸಿಲ್ಲ. ಈ ಬಗೆಯ ಕೋಡ್ ಒಮ್ಮುಖ. ತಲುಪಿತೋ ಇಲ್ಲವೋ ಎಂದು ಕಳಿಸಿದವರಿಗೆ ತಿಳಿಯುವ ದಾರಿಯಿಲ್ಲ. ಅದಕ್ಕೆ ಕೋಣೆಯ ತನಕ ತಂತಿಯನ್ನೇ ಎಳೆಯಬೇಕು, ಆ ಕೆಲಸ ಬಾಕಿ. ಗುಡುಗು ಶುರುವಾದರೆ ಯುಪಿಎಸ್‌ನ ಪ್ಲಗ್ ಕಿತ್ತಿಡುವುದು ಅಭ್ಯಾಸವಾಗಿದೆ, ರಿಪೀಟರ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ. ಪ್ಲಗ್ ಮತ್ತೆ ಹಾಕಲು ಮರೆತದ್ದು ಇಲ್ಲಿಯವರೆಗೆ ಎರಡು ಸಲ. ಹಾಗಾಗಿ ಈಗ ಪ್ರತಿ ಸೋಮವಾರ ಹಾಲಿನವರು ಬಂದಾಗ ಗೇಟಿನ ಗುಂಡಿ ಒಮ್ಮೆ ಒತ್ತುತ್ತಾರೆ. ಪ್ಯಾಡ್ ಅಲುಗದಿದ್ದರೆ ಮೊದಲು ನೋಡುವುದು ಆ ಪ್ಲಗ್ಗನ್ನು, ಆಮೇಲೆ 27ಎ ಬ್ಯಾಟರಿಯನ್ನು.